ನೀರಿನ ಮೇಲೆ ಹೋದ ಮಣ್ಣಿಗೆ ಪಾಸ್ ಬೇಡ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 183 ಮಿಲಿಮೀಟರ್. ನಮ್ಮ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುವುದು ಇಪ್ಪತ್ನಾಲ್ಕು ಗಂಟೆಯೊಳಗೆ 204 ಮಿಲಿಮೀಟರ್ ದಾಟುವ ಮಳೆಗೆ. ಅಂದರೆ ಆ ಮರುಭೂಮಿಯವರ ಒಂದು ಇಡೀ ವರ್ಷ ನಮ್ಮ ಸುಬ್ರಹ್ಮಣ್ಯದ ಕಡೆಯವರಿಗೆ ಆಟಿ ತಿಂಗಳಲ್ಲಿ ಶಾಲೆಗೆ ರಜೆ ಸಿಗುವ ಒಂದು ದಿನ. ಇಷ್ಟು ಬಡ ಮಳೆಯನ್ನು ಇಟ್ಟುಕೊಂಡು ಆ ಜನ ಕೆಸರಿನ ಬಗ್ಗೆ ಬರೆದಿಟ್ಟ ಕಾನೂನು ಓದಿದರೆ ಪುತ್ತೂರು, ಸುಳ್ಯ, ಕಡಬದವರಾದ ನಮಗೆ ಮೊದಲು ನಗು ಬರುತ್ತದೆ, ಆಮೇಲೆ ಕನಿಕರ.

ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ ಎಕರೆಯ ಹತ್ತನೇ ಒಂದು ಪಾಲು ಜಾಗ ಕೆದಕಬೇಕಾದರೂ ಧೂಳು ತಡೆಯುವ ಪರ್ಮಿಟ್ ಬೇಕು. ನಮ್ಮ ಲೆಕ್ಕದಲ್ಲಿ ಅದು ಸರಿಯಾಗಿ ಹತ್ತು ಸೆಂಟ್ಸ್, ಒಂದು ಮನೆ, ಒಂದು ಬಾವಿ, ನಾಲ್ಕು ತೆಂಗಿನ ಗಿಡ. ಐದು ಎಕರೆಯ ಕೆಲಸವಾದರೆ ಧೂಳಿನ ಮೇಲೆ ಕಣ್ಣಿಡಲೆಂದೇ ತರಬೇತಿ ಪಡೆದ ಒಬ್ಬ ಮನುಷ್ಯ ಜಾಗದಲ್ಲಿರಬೇಕು. ದೂರು ಕೊಡಬೇಕಾದ ಫೋನ್ ನಂಬರು ಬರೆದ ಬೋರ್ಡು ದಾರಿಹೋಕರಿಗೆ ಕಾಣಬೇಕು. ಈ ಬೋರ್ಡಿನ ವಿಷಯದಲ್ಲಿ ಮಾತ್ರ ನಾವೇನೂ ಹಿಂದಿಲ್ಲ. ಕಡಿದ ಗುಡ್ಡೆಯೆದುರು ಫೋನ್ ನಂಬರು ಬರೆದ ಬೋರ್ಡು ನಮ್ಮಲ್ಲೂ ಇರುತ್ತದೆ: "ಸೈಟುಗಳು ಮಾರಾಟಕ್ಕಿವೆ."

ಧೂಳಿನ ಕಥೆ ಹೀಗಾದರೆ ಕೆಸರಿನದ್ದು ಇನ್ನೂ ದೊಡ್ಡದು. ಅಲ್ಲಿನ ಫೆಡರಲ್ ನಿಯಮದ ಪ್ರಕಾರ ಒಂದು ಎಕರೆ ಮಣ್ಣು ಬಗೆಯುವವನು ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಜತೆಗೆ ಏನನ್ನು ಕೊಂಡೊಯ್ಯುತ್ತದೆ ಎಂದು ಮೊದಲೇ ನಕ್ಷೆ ಮಾಡಿಕೊಡಬೇಕು. ಜಾಗದ ಇಳಿಜಾರಿನ ಕಡೆಗೆ ಮೊಣಕಾಲೆತ್ತರದ ಬಟ್ಟೆಯ ಬೇಲಿ, ಅದರ ಬುಡ ಮಣ್ಣಿನೊಳಗೆ ಹೂತಿರಬೇಕು. ಬೇಲಿಯ ಅರ್ಧ ಎತ್ತರಕ್ಕೆ ಹೂಳು ಬರುವ ಮುಂಚೆ ತೆಗೆಯಬೇಕು. ಲಾರಿಯ ಚಕ್ರಕ್ಕೆ ಅಂಟಿ ರಸ್ತೆಗೆ ಬಂದ ಮಣ್ಣನ್ನು ಅದೇ ದಿನ ಕೆಲಸ ಮುಗಿಯುವುದರೊಳಗೆ ಗುಡಿಸಬೇಕು. ಹದಿನಾಲ್ಕು ದಿನ ಕೆಲಸ ನಿಲ್ಲುವುದಿದ್ದರೆ ಬರಿಮಣ್ಣಿಗೆ ಹುಲ್ಲೋ ಹೊದಿಕೆಯೋ ಬೀಳಬೇಕು. ಕಾಲು ಇಂಚು, ಅಂದರೆ ಆರು ಮಿಲಿಮೀಟರ್ ಚಿಲ್ಲರೆ ಮಳೆ ಬಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಒಬ್ಬರು ಹೋಗಿ ನೋಡಿ ಬರೆದಿಡಬೇಕು. ತಪ್ಪಿದರೆ ದಿನಕ್ಕೆ ಹತ್ತಾರು ಸಾವಿರ ಡಾಲರ್‌ವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಉಂಟು.

ಆರು ಮಿಲಿಮೀಟರ್! ನಮ್ಮಲ್ಲಿ ಅದಕ್ಕೆ ಮಳೆ ಎಂದು ಹೇಳುವ ಪದ್ಧತಿಯೇ ಇಲ್ಲ.

ಅಲ್ಲಿನ ಒಬ್ಬ ಇನ್‌ಸ್ಪೆಕ್ಟರನ್ನು ಎರವಲು ತಂದು ಸುಳ್ಯದಲ್ಲಿ ಕೂರಿಸಿದೆವೆಂದೇ ಇಟ್ಟುಕೊಳ್ಳುವ. ಪತ್ತನಾಜೆಯ ದಿನ ಬಂದು ಇಳಿಯುತ್ತಾನೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮರುದಿನ ಮೊದಲ ಮಳೆ. ಇವನು ಕೊಡೆ ಬಿಡಿಸುವುದರೊಳಗೆ ಆರು ಮಿಲಿಮೀಟರ್ ಮುಗಿದಿರುತ್ತದೆ. ಹೋಗಿ ನೋಡಿ ಬರೆದು, ವಾಪಸು ಬಂದು ಒಂದು ಚಾ, ಎರಡು ಗೋಳಿಬಜೆ ತಿನ್ನುವಷ್ಟರಲ್ಲಿ ಮತ್ತೆ ಆರು. ಜೂನ್ ಎರಡನೇ ವಾರಕ್ಕೆ ಅವನು ವರ್ಗಾವಣೆಗೆ ಅರ್ಜಿ ಹಾಕುತ್ತಾನೆ. ಜುಲೈಯಲ್ಲಿ ಅವನ ವರದಿ ಪುಸ್ತಕಕ್ಕೆ ಬೂಸು ಹಿಡಿಯುತ್ತದೆ. ಬೂಟಿನೊಳಗೆ ಅಣಬೆ. ಈ ಮಧ್ಯೆ ಪಾಪ, ಒಂದು ದಿನ ಟಿಪ್ಪರಿನ ಚಕ್ರದ ಕೆಂಪು ಪಟ್ಟೆ ಕಂಡು ದಾರಿಯಲ್ಲೇ ನಿಂತು ಕೇಳುತ್ತಾನೆ, ಇದನ್ನು ಯಾರು ಗುಡಿಸುವುದು?

"ಗುಡಿಸುವುದು ಎಂತಕ್ಕೆ ಮಾರಾಯ್ರೆ, ರಾತ್ರಿ ಒಂದು ಮಳೆ ಬಂದ್ರೆ ತೊಳ್ದು ಹೋಗ್ತದೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ... ಕೆಳಗೆ."

ಅವನು ನಡೆಸಿದ ಬಟ್ಟೆಬೇಲಿಯ ಪ್ರಯೋಗದ ಗತಿ ಹೇಳದಿರುವುದೇ ಲೇಸು. ಒಂದೇ ರಾತ್ರಿ ನಿಂತಿತ್ತು. ಮರುದಿನ ಅದೇ ಬಟ್ಟೆ ಸ್ವಲ್ಪ ದೂರದ ಕಾಳುಮೆಣಸಿನ ಬಳ್ಳಿಯ ನರ್ಸರಿಗೆ ಚಪ್ಪರವಾಗಿ ಸಾರ್ಥಕವಾಗಿತ್ತು.

ಆ ಅಮೆರಿಕನ್ ನಿಯಮದಲ್ಲಿ ಒಂದು ವಿನಾಯಿತಿ ಉಂಟು. ಮಳೆಗೆ ಮಣ್ಣು ಕೊರೆಯುವ ಶಕ್ತಿ ಎಷ್ಟೆಂದು ಅವರು ಅಂಕಿಯಲ್ಲಿ ಹೇಳುತ್ತಾರೆ. ಕೆಲಸ ನಡೆಯುವ ಅವಧಿಯಲ್ಲಿ ಆ ಅಂಕಿ ಐದಕ್ಕಿಂತ ಕಡಿಮೆ ಇದ್ದು, ಜಾಗ ಐದು ಎಕರೆಯೊಳಗಿದ್ದರೆ ಪರ್ಮಿಟ್ಟಿನಿಂದ ಬಿಡುಗಡೆ ಕೇಳಬಹುದು. ಮರುಭೂಮಿಯವರಿಗೆಂದೇ ಹೊಲಿಸಿದ ಅಂಗಿ ಅದು. ನಾವು ಅದೇ ವಿನಾಯಿತಿಯನ್ನು ತಲೆಕೆಳಗು ಮಾಡಿ ಜಾರಿಗೆ ತಂದಿದ್ದೇವೆ. ಮಳೆ ಹೆಚ್ಚಿದಷ್ಟೂ ವಿನಾಯಿತಿ ಹೆಚ್ಚು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಜಿಲ್ಲೆಗೆ ಪೂರ್ತಿ ವಿನಾಯಿತಿ. ಇಷ್ಟು ಮಳೆಯನ್ನು ಯಾರು ತಡೆಯಲು ಸಾಧ್ಯ ಹೇಳಿ, ಎಂಬ ಒಂದು ಪ್ರಶ್ನೆಯಲ್ಲೇ ನಮ್ಮ ಇಡೀ ನಿಯಮಾವಳಿ ಅಡಗಿದೆ.

ನಮ್ಮ ದೇಶದಲ್ಲಿ ನಿಯಮವೇ ಇಲ್ಲವೆಂದು ಹೇಳಿದರೆ ಅದು ಅಪಪ್ರಚಾರ. 2018ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಟ್ಟಡ ಕೆಲಸದ ಧೂಳು ತಡೆಯಲು ನಿಯಮ ಹೊರಡಿಸಿದೆ. ಮಣ್ಣನ್ನು ಮುಚ್ಚದೆ ಇಡಬಾರದು, ಸುತ್ತ ಮರೆ ಕಟ್ಟಬೇಕು, ನೀರು ಚಿಮುಕಿಸಬೇಕು ಎಂದೆಲ್ಲ ಅದರಲ್ಲಿ ಉಂಟು. ಅದು ಗಾಳಿ ಕೆಟ್ಟ ನಗರಗಳಿಗೆ. ನಮ್ಮ ಗಾಳಿ ದೇವರ ದಯೆಯಿಂದ ಚೆನ್ನಾಗಿದೆ, ಹಾಗಾಗಿ ನಮ್ಮ ಮಣ್ಣು ಬಯಲಲ್ಲಿ ಮಲಗಬಹುದು. ನೀರು ಚಿಮುಕಿಸುವ ಕೆಲಸವನ್ನಂತೂ ಮೇಲಿನವನೇ ವಹಿಸಿಕೊಂಡಿದ್ದಾನೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಕಟ್ಟಡದವರ ಬಾಗಿಲು ತಟ್ಟುವುದು ಇಪ್ಪತ್ತು ಸಾವಿರ ಚದರ ಮೀಟರಿನ ಮೇಲೆ. ಕಡಬದ ಪೇಟೆಯಲ್ಲಿ ಅಷ್ಟು ದೊಡ್ಡ ಕಟ್ಟಡ ಕಟ್ಟಲು ಹೊರಟವನನ್ನು ಊರವರು ಮೊದಲು ಆಸ್ಪತ್ರೆಗೆ ಕರಕೊಂಡು ಹೋಗುತ್ತಾರೆ.

ಇನ್ನು ಭೂಪರಿವರ್ತನೆ. ಗುಡ್ಡೆಯನ್ನು ಕೃಷಿಯಿಂದ ವಾಸಕ್ಕೆ ಬದಲಿಸಲು ಭೂಕಂದಾಯ ಕಾಯಿದೆಯ 95ನೇ ಕಲಮು, ಸರ್ವೆಯವರ ಇಲೆವೆನ್ ಇ ನಕ್ಷೆ, ಪಂಚಾಯತಿನ ನಿರಾಕ್ಷೇಪಣೆ, ಯೋಜನಾ ಪ್ರಾಧಿಕಾರದ ಸೀಲು ಎಂದು ಕಡತ ಸುತ್ತುತ್ತದೆ. ಅಲ್ಲಿ ಜಾಗದ ಉದ್ದ ಕೇಳುತ್ತಾರೆ, ಅಗಲ ಕೇಳುತ್ತಾರೆ, ರಸ್ತೆ ಎಷ್ಟು ಅಡಿ ಎಂದು ಕೇಳುತ್ತಾರೆ. ಎತ್ತರ ಯಾರೂ ಕೇಳುವುದಿಲ್ಲ. ಸರಕಾರಿ ನಕ್ಷೆಯಲ್ಲಿ ಸುಳ್ಯ ತಾಲೂಕು ವಿಜಯಪುರದಷ್ಟೇ ಚಪ್ಪಟೆ. ಗುಡ್ಡೆ ಕಾಗದದಲ್ಲಿ ಇಲ್ಲವೆಂದ ಮೇಲೆ ಕಡಿದದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು?

ಒಂದೇ ಯೋಜನೆಯನ್ನು ತುಂಡು ತುಂಡು ಮಾಡಿ ಒಂದು ಎಕರೆಯ ಗೆರೆಯಿಂದ ನುಸುಳುವವರನ್ನು ಅಮೆರಿಕದವರು ಹಿಡಿಯುತ್ತಾರೆ. ತುಂಡುಗಳನ್ನೆಲ್ಲ ಕೂಡಿಸಿಯೇ ಅಳೆಯಬೇಕೆಂದು ಅಲ್ಲಿ ಕಾನೂನು. ನಮ್ಮಲ್ಲಿ ಏಕ ನಿವೇಶನ ಎಂಬ ಸೌಕರ್ಯ ಉಂಟಲ್ಲ. ಲೇಔಟ್ ಅಂದರೆ ರಸ್ತೆ, ಚರಂಡಿ, ಪಾರ್ಕು ಎಂದು ಮಂಡೆಬಿಸಿ. ಅದಕ್ಕೆ ಅಣ್ಣನ ಹೆಸರಲ್ಲಿ ಹತ್ತು ಸೆಂಟ್ಸ್, ತಮ್ಮನ ಹೆಸರಲ್ಲಿ ಹತ್ತು, ಮದುವೆಯಾಗಿ ಹೋದ ತಂಗಿಗೆ ಹತ್ತು, ದುಬೈಯಲ್ಲಿರುವ ಭಾವನಿಗೆ ಹತ್ತು. ಗುಡ್ಡೆ ಒಂದೇ, ಜೆಸಿಬಿ ಒಂದೇ, ಕಡಿಯುವ ದಿನವೂ ಒಂದೇ. ಕಡತದಲ್ಲಿ ಮಾತ್ರ ಒಬ್ಬರಿಗೊಬ್ಬರು ಪರಿಚಯವಿಲ್ಲದ ನಾಲ್ಕು ಬಡ ಸಂಸಾರ.

ನಮ್ಮ ಊರುಗಳಲ್ಲಿ ಭೂಗರ್ಭ ಶಾಸ್ತ್ರದ ಕೊನೆಯ ಮಾತು ಜೆಸಿಬಿ ಆಪರೇಟರನದ್ದು. ಮಾರ್ಚ್‌ನಿಂದ ಪತ್ತನಾಜೆವರೆಗೆ ಅವನ ಕಾಲ. ಜಾಗ ತಟ್ಟು ಮಾಡಿಸಲು ಊರಿಡೀ ಅವನನ್ನು ಕಾಯುತ್ತದೆ, ಮದುವೆಗೆ ಪುರೋಹಿತರು ಸಿಕ್ಕಿದರೂ ಅವನು ಸಿಗುವುದಿಲ್ಲ. ಪಿಂಚಣಿಯ ದುಡ್ಡಲ್ಲಿ ಮನೆ ಕಟ್ಟಲು ಹೊರಟ ಮಾಷ್ಟ್ರು ಬೆಳಿಗ್ಗೆಯೇ ಫ್ಲಾಸ್ಕಿನಲ್ಲಿ ಚಾ ಹಿಡಿದುಕೊಂಡು ಗುಡ್ಡೆಯ ಬುಡದಲ್ಲಿ ನಿಂತಿರುತ್ತಾರೆ.

"ಮಾಷ್ಟ್ರೇ, ಇನ್ನು ಎರಡು ಮೀಟರ್ ಒಳಗೆ ಹೋದ್ರೆ ಕಾರು ತಿರುಗಿಸ್ಲಿಕ್ಕೆ ಆಗ್ತದೆ."

"ಬರೆ ನಿಲ್ತದಾ?"

"ನಿಲ್ತದೆ. ಮುರ ಅಲ್ವಾ?"

ಭೂಪರೀಕ್ಷೆ ಮುಗಿಯಿತು. ಬಕೆಟ್ ಮೇಲೆದ್ದಿತು.

ಮುರ ನಿಲ್ಲುವುದು ಸುಳ್ಳಲ್ಲ. ಮುರಕಲ್ಲಿನ ಪದರ ನೆಟ್ಟಗೆ ಕಡಿದರೂ ವರ್ಷಾನುಗಟ್ಟಲೆ ಹಾಗೆಯೇ ನಿಂತಿರುತ್ತದೆ. ಕಲ್ಲಿನ ಕೋರೆಗಳಲ್ಲಿ ಎಲ್ಲರೂ ಅದನ್ನು ಕಂಡವರೇ. ಎಡವಟ್ಟು ಇರುವುದು ಅದರ ಅಡಿಯಲ್ಲಿ. ಮುರದ ಟೋಪಿಯ ಕೆಳಗೆ ಕರಾವಳಿಯುದ್ದಕ್ಕೂ ಶೇಡಿ ಮಣ್ಣಿನ ಪದರ ಇರುತ್ತದೆ, ಬಿಳಿ, ಹಳದಿ, ನಸುಗೆಂಪು ಬಣ್ಣದ ನಯವಾದ ಮಣ್ಣು. ಏಪ್ರಿಲಿನಲ್ಲಿ ಉಗುರು ಹಾಕಿದರೆ ಉಗುರು ಮುರಿಯುವಷ್ಟು ಗಟ್ಟಿ. ಜುಲೈಯಲ್ಲಿ ನೀರು ಕುಡಿದ ಮೇಲೆ ಅದಕ್ಕೆ ತನ್ನ ಭಾರವನ್ನೇ ಹೊರಲಾಗುವುದಿಲ್ಲ, ಮೇಲಿನ ಟೋಪಿಯನ್ನು ಹೊರುವುದು ದೂರದ ಮಾತು. ಮುರಕಲ್ಲು ಅಷ್ಟು ಕಾಲ ಕಾಪಾಡಿದ್ದ ಆ ಪದರವನ್ನು ಕಾರು ತಿರುಗಿಸುವ ಎರಡು ಮೀಟರಿಗಾಗಿ ಬಯಲು ಮಾಡಿದರೆ ಬರೆ ಬುಡದಿಂದಲೇ ಜಾರುತ್ತದೆ. ಕೆಲವೊಮ್ಮೆ ಗುಡ್ಡದ ಮೇಲೆ ಬಿರುಕು ಕಾಣಿಸುತ್ತದೆ, ಬುಡದಲ್ಲಿ ಕೆಸರು ನೀರು ಒಸರಲು ಸುರುವಾಗುತ್ತದೆ. ಮನೆಯೊಡೆಯರು ಅದನ್ನು ನೋಡಿ ಒರತೆ ಬಂತು, ಬಾವಿಗೆ ಒಳ್ಳೆಯದು ಎನ್ನುತ್ತಾರೆ.

ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲಿನಿಂದ ಬರುವ ನೀರಿಗೆ ನೆತ್ತಿಯಲ್ಲೇ ಒಂದು ಕಣಿ ತೆಗೆದು ಪಕ್ಕಕ್ಕೆ ತಿರುಗಿಸಿದರೆ ಮುಕ್ಕಾಲು ಅನಾಹುತ ತಪ್ಪುತ್ತದೆ. ಇದು ಮಾಷ್ಟ್ರಿಗೆ ಗೊತ್ತಿಲ್ಲದ್ದಲ್ಲ. ಅವರ ಅಜ್ಜ ಅಡಿಕೆ ತೋಟದ ಸುತ್ತ ಉಜಿರುಕಣಿ ತೆಗೆಸಿದ್ದೂ, ಮಳೆಗಾಲಕ್ಕೆ ಮುಂಚೆ ಮಣ್ಣಿನ ಪಾಗಾರಕ್ಕೆ ಸೋಗೆ ಹೊದೆಸಿದ್ದೂ ಅವರ ನೆನಪಲ್ಲಿ ಉಂಟು. ಆದರೆ ಮೆಟ್ಟಿಲು ಬಿಟ್ಟರೆ ಜಾಗ ಹೋಗುತ್ತದೆ. ಸೆಂಟಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ತೆಗೆದ ಜಾಗವನ್ನು ಇಳಿಜಾರಿಗೆ ಪುಕ್ಕಟೆ ಬಿಟ್ಟುಕೊಡಲು ಅವರೇನು ಅಜ್ಜನಷ್ಟು ಶ್ರೀಮಂತರೇ?

ಕಡಿದ ಮಣ್ಣು ಎಲ್ಲಿಗೆ? ಕೆಳಗೆ. ಗುಡ್ಡೆಯ ಅಂಚಿನಿಂದ ತೋಡಿನ ಬದಿಗೆ ದೂಡಿದರೆ ಟಿಪ್ಪರಿನ ಬಾಡಿಗೆ ಉಳಿಯಿತು. ಕೆಳಗೆ ಭಟ್ಟರ ಅಡಿಕೆ ತೋಟ. ಜೂನ್ ತಿಂಗಳ ಒಂದು ರಾತ್ರಿ ಆ ಮಣ್ಣು ತೋಡಿಗಿಳಿದು, ತೋಡು ಕಟ್ಟಿ, ಕೆಂಪು ನೀರು ತೋಟಕ್ಕೆ ನುಗ್ಗುತ್ತದೆ. ಬೆಳಿಗ್ಗೆ ನೋಡಿದರೆ ಕಣಿಗಳೆಲ್ಲ ತುಂಬಿ ತೋಟ ಅಂಗಳವಾಗಿದೆ. ಅಡಿಕೆ ಮರಕ್ಕೆ ಬುಡದಲ್ಲಿ ನೀರು ನಿಲ್ಲಬಾರದು, ನಿಂತರೆ ಅಣಬೆ ರೋಗಕ್ಕೆ ನಾವೇ ಎಲೆ ಹಾಕಿ ಕರೆದಂತೆ. ಭಟ್ಟರು ಲುಂಗಿ ಎತ್ತಿ ಕಟ್ಟಿಕೊಂಡು ಮೇಲೆ ಹತ್ತಿ ಬರುತ್ತಾರೆ.

"ಮಾಷ್ಟ್ರೇ, ಸ್ವಲ್ಪ ಮಣ್ಣು ಬಂದಿದೆ ನಮ್ಮ ಕಡೆಗೆ."

"ಹೌದಾ? ಹೊಸ ಮಣ್ಣು ಅಲ್ವಾ ಭಟ್ರೇ, ಅಡಿಕೆಗೆ ಒಳ್ಳೇದು."

ಪಂಚಾಯತಿಗೆ ಹೋದರೆ ಅದು ಸಿವಿಲ್ ವಿಷಯ. ಸ್ಟೇಷನ್ನಿಗೆ ಹೋದರೂ ಸಿವಿಲ್ ವಿಷಯ. ಸಿವಿಲ್ ಕೋರ್ಟಿಗೆ ಹೋದರೆ ಭಟ್ಟರ ಮೊಮ್ಮಗನಿಗೆ ತೀರ್ಪು ಸಿಗುತ್ತದೆ. ಹಾಗಾಗಿ ಭಟ್ಟರು ಬುದ್ಧಿವಂತರಾಗಿ ತಾವೂ ಒಂದು ಜೆಸಿಬಿ ಕರೆಸಿ, ಬಂದ ಮಣ್ಣನ್ನು ಬಾಚಿ ಇನ್ನಷ್ಟು ಕೆಳಗಿನ ಗೌಡರ ಕಡೆಗೆ ದೂಡುತ್ತಾರೆ.

ಕಡಿದ ಬರೆಯನ್ನು ಮುಚ್ಚುವ ವಿಷಯದಲ್ಲಿ ಪುತ್ತೂರಿಗರ ಸಂಶೋಧನೆಯನ್ನು ಲೋಕ ಇನ್ನೂ ಗುರುತಿಸಿಲ್ಲ. ಏಪ್ರಿಲ್ 10ಕ್ಕೆ ಮಹಾಲಿಂಗೇಶ್ವರ ದೇವರ ಜಾತ್ರೆಗೆ ಕೊಡಿ ಏರುತ್ತದೆ, 17ಕ್ಕೆ ಬ್ರಹ್ಮರಥ. ಭಕ್ತರನ್ನು ಸ್ವಾಗತಿಸುವ ಫ್ಲೆಕ್ಸುಗಳು ಪೇಟೆ ತುಂಬ. ಜಾತ್ರೆ ಮುಗಿದು ಫ್ಲೆಕ್ಸು ಇಳಿಯುವುದಕ್ಕೂ ಮಳೆಗಾಲ ಬಾಗಿಲಿಗೆ ಬರುವುದಕ್ಕೂ ಸರಿಯಾಗುತ್ತದೆ. ಇಪ್ಪತ್ತು ಅಡಿಯ ಸ್ವಾಗತ ಫ್ಲೆಕ್ಸು ಒಂದು ಬರೆಯ ಅರ್ಧ ಮೈಗೆ ಸಾಕು. ಮೇಲಿನಂಚಿಗೆ ಎರಡು ಮುರಕಲ್ಲು, ಕೆಳಗೆ ಮರಳಿನ ಚೀಲ, ನಡುವೆ ಗಾಳಿಗೆ ಹಾರದಂತೆ ಅಡಿಕೆ ಮರದ ಸಲಾಕೆ. ಚುನಾವಣೆಯ ವರ್ಷವಾದರೆ ಅಭ್ಯರ್ಥಿಗಳ ಕೃಪೆಯಿಂದ ಒಂದು ಬರೆಗೆ ಎರಡು ಪದರ. ಮಳೆ ಸುರಿಯುವಾಗ ನೋಡಬೇಕು, ಕೈಮುಗಿದು ನಿಂತ ನಾಯಕರ ಮುಖದ ಮೇಲೆ ನೀರು ಇಳಿಯುತ್ತಿರುತ್ತದೆ, ಹಿಂದೆ ಒಂದು ಇಡೀ ಗುಡ್ಡ ಅವರ ಮುಗುಳ್ನಗೆಯನ್ನು ನಂಬಿ ನಿಂತಿರುತ್ತದೆ. ಜನಪ್ರತಿನಿಧಿಗಳು ಮಣ್ಣಿನ ಸಂರಕ್ಷಣೆಗೆ ಏನೂ ಮಾಡಿಲ್ಲ ಎನ್ನುವವರು ಒಮ್ಮೆ ಇತ್ತ ಬಂದು ಹೋಗಲಿ.

ತೆಂಗಿನ ನಾರಿನಿಂದ ನೇಯ್ದ ಬಲೆ ಇದಕ್ಕೆಂದೇ ಉಂಟು. ಬರೆಯ ಮೇಲೆ ಹಾಸಿ ಹುಲ್ಲಿನ ಬೀಜ ಹಾಕಿದರೆ ಹುಲ್ಲು ಬೇರು ಬಿಡುವವರೆಗೆ ಮಣ್ಣು ಹಿಡಿದುಕೊಂಡಿದ್ದು, ಆಮೇಲೆ ತಾನೇ ಕರಗಿ ಗೊಬ್ಬರವಾಗುತ್ತದೆ. ರಸ್ತೆ ಬದಿಯ ಇಳಿಜಾರಿಗೆ ಇಂಥದನ್ನು ಹೇಗೆ ಬಳಸಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 56ನೇ ಸಂಹಿತೆ ಹೇಳುತ್ತದೆ. ಭಾರತದಿಂದ ಈ ನಾರಿನ ಬಲೆ ಅಮೆರಿಕಕ್ಕೆ, ಯುರೋಪಿಗೆ ರಫ್ತಾಗುತ್ತದೆ. ನಮ್ಮ ತೆಂಗಿನಕಾಯಿಯ ಸಿಪ್ಪೆ ಕಡಲು ದಾಟಿ ಅವರ ಗುಡ್ಡ ಹಿಡಿಯುತ್ತದೆ, ನಮ್ಮ ಗುಡ್ಡಕ್ಕೆ ಜಾತ್ರೆಯ ಫ್ಲೆಕ್ಸು. ಇದಕ್ಕೇ ಇರಬೇಕು ವಿದೇಶಿ ವ್ಯಾಪಾರದ ಸಮತೋಲ ಎನ್ನುವುದು.

ಮಣ್ಣಿಗೆ ಕಾನೂನೇ ಇಲ್ಲವೆಂದು ಮಾತ್ರ ತಿಳಿಯಬೇಡಿ. 2000ನೇ ಇಸವಿಯ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ರಸ್ತೆಗೆ, ಕಟ್ಟಡಕ್ಕೆ, ರೈಲುದಾರಿಗೆ ತುಂಬಿಸುವ ಸಾಮಾನ್ಯ ಮಣ್ಣನ್ನೂ ಉಪಖನಿಜ ಎಂದು ಘೋಷಿಸಿದೆ. ಟಿಪ್ಪರಿನಲ್ಲಿ ಹೋಗುವ ಮಣ್ಣಿಗೆ ರಾಯಲ್ಟಿ ಕಟ್ಟಬೇಕು, ಪಾಸ್ ಇರಬೇಕು. ದಾರಿಯಲ್ಲಿ ಅಡ್ಡಹಾಕಿದರೆ ಕಾಗದ ತೋರಿಸಬೇಕು, ಇಲ್ಲದಿದ್ದರೆ ಗಾಡಿ ಸ್ಟೇಷನ್ನಿನ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ. ಬಾವಿ ತೋಡಿದ ಮಣ್ಣನ್ನು ಅತ್ತಿತ್ತ ಸಾಗಿಸುವಾಗಲೂ ಬಡವರಿಗೆ ಎದೆ ಹೊಡೆದುಕೊಳ್ಳುತ್ತದೆ. ಅದೇ ಮಣ್ಣು ಚಕ್ರ ಬಿಟ್ಟು ನೀರು ಹತ್ತಿತೋ, ಅದು ಖನಿಜವೂ ಅಲ್ಲ, ಕಳವೂ ಅಲ್ಲ. ಒಂದು ರಾತ್ರಿಯಲ್ಲಿ ನೂರು ಟಿಪ್ಪರಿನಷ್ಟು ಹೋದರೂ ಕೈ ಅಡ್ಡ ಹಿಡಿಯುವವರಿಲ್ಲ.

ಸುಳ್ಯದ್ದು ಇನ್ನೂ ಸ್ವಾರಸ್ಯ. ಅಲ್ಲಿಂದ ಕೇರಳದ ಗಡಿ ಕೂಗಳತೆ. ಜಾಲ್ಸೂರು ದಾಟಿ ಮುರೂರಿನತ್ತ ಹೋಗುವ ಲಾರಿಯಲ್ಲಿ ಮರಳು ಉಂಟೋ ಎಂದು ಬಗ್ಗಿ ನೋಡುವವರುಂಟು. ಪಕ್ಕದಲ್ಲೇ ಪಯಸ್ವಿನಿ ಯಾವ ಕಾಗದವೂ ಇಲ್ಲದೆ, ಸುಳ್ಯದ ಮಣ್ಣನ್ನು ಹಗಲುಹೊತ್ತಿನಲ್ಲೇ ಕೇರಳಕ್ಕೆ ಸಾಗಿಸುತ್ತಾಳೆ. ಅಲ್ಲಿ ಚಂದ್ರಗಿರಿ ಎಂದು ಹೆಸರಾಗಿ ಕಾಸರಗೋಡಿನಲ್ಲಿ ಕಡಲಿಗೆ ಸುರಿಯುತ್ತಾಳೆ. ಹೋಗುವ ದಾರಿಯಲ್ಲಿ ಕಲ್ಲುಮುಟ್ಲಿನಲ್ಲಿ ಸುಳ್ಯ ಪೇಟೆಯವರು ಇದೇ ಹೊಳೆಯ ನೀರೆತ್ತಿ ಕುಡಿಯುತ್ತಾರೆ. ಕಡಬದವರದ್ದು ಧಾರಾಳ ಕೈ. ಅವರ ಗುಡ್ಡೆಯ ಮಣ್ಣು ಕುಮಾರಧಾರೆಯಲ್ಲಿ ಇಳಿದು ನೆಕ್ಕಿಲಾಡಿಗೆ ಬರುತ್ತದೆ. ಪುತ್ತೂರು ನಗರಕ್ಕೆ ನೀರೆತ್ತುವುದು ಅಲ್ಲಿಂದಲೇ. 2018ರ ಸುಮಾರಿಗೆ ಕಡಬ ಬೇರೆ ತಾಲೂಕಾದಾಗ ಪುತ್ತೂರಿನವರು ಜಾಗ ಹೋಯಿತೆಂದು ಬೇಸರಿಸಿದ್ದು ಸುಮ್ಮನೆ. ಮಳೆಗಾಲದಲ್ಲಿ ನಳ್ಳಿ ತಿರುಗಿಸಿ ಬಕೆಟಿನ ತಳ ನೋಡಿದರೆ ಕಡಬ ಕಂತು ಕಂತಾಗಿ ವಾಪಸು ಬರುತ್ತಲೇ ಇದೆ.

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಕೂಡುತ್ತದೆ. ನೆರೆಗೆ ಎರಡೂ ಉಕ್ಕಿ ದೇವಸ್ಥಾನದೆದುರೇ ಸಂಗಮವಾದರೆ ಪುಣ್ಯವೆಂದು ಸಹಸ್ರಲಿಂಗೇಶ್ವರನ ಮುಂದೆ ನಿಂತು ಜನ ಕಾಯುವುದುಂಟು. ಎರಡು ಹೊಳೆಗಳ ಬಣ್ಣದಲ್ಲಿ ವ್ಯತ್ಯಾಸ ಹುಡುಕುವ ಕಣ್ಣಿದ್ದರೆ ಯಾವ ತಾಲೂಕಿನಲ್ಲಿ ಈ ವರ್ಷ ಜೆಸಿಬಿಗೆ ಹೆಚ್ಚು ಕೆಲಸ ಸಿಕ್ಕಿದೆ ಎಂದು ಅಲ್ಲೇ ಹೇಳಬಹುದು. ಆಮೇಲೆ ಕಿಂಡಿ ಅಣೆಕಟ್ಟುಗಳಲ್ಲಿ ಹೂಳು ತುಂಬಿದೆ ಎಂದು ಸಭೆ. ಹೂಳೆತ್ತಲು ಅಂದಾಜುಪಟ್ಟಿ. ಎತ್ತುವುದಕ್ಕೆ ಹಿಟಾಚಿ, ಸಾಗಿಸಲು ಟಿಪ್ಪರ್. ಗುಡ್ಡೆಯಿಂದ ಇಳಿಯುವಾಗ ಬೆಲೆಯಿಲ್ಲದ ಮಣ್ಣಿಗೆ ಹೊಳೆಯಿಂದ ಹತ್ತುವಾಗ ಟೆಂಡರು.

ನೀವು ಇದನ್ನೆಲ್ಲ ಹತ್ತು ಸೆಂಟ್ಸಿನವರ ತಪ್ಪು ಎಂದುಕೊಂಡರೆ ರಾಷ್ಟ್ರೀಯ ಹೆದ್ದಾರಿಗೆ ಅವಮಾನವಾಗುತ್ತದೆ. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ 75ರ ಅಗಲೀಕರಣ ಉಪ್ಪಿನಂಗಡಿ, ನೆಲ್ಯಾಡಿಯ ಮಕ್ಕಳಿಗೆ ಬಾಲ್ಯದ ನೆನಪು. ಕೆಸರಿನ ನಡುವೆ ಒಂದನೇ ಕ್ಲಾಸು ಸೇರಿದವರು ಹೈಸ್ಕೂಲು ನೋಡುವಾಗಲೂ ಕೆಸರು ಉಂಟು. ಮಳೆಗಾಲಕ್ಕೆ ಮುಂಚೆ ಮುಗಿಸುತ್ತೇವೆ ಎಂದು ಪ್ರತಿ ವರ್ಷ ಭರವಸೆ ಸಿಕ್ಕಿದೆ, ಯಾವ ಮಳೆಗಾಲವೆಂದು ಕೇಳುವ ಒರಟುತನವನ್ನು ನಮ್ಮ ಜನ ತೋರಿಸಲಿಲ್ಲ. ಅತ್ತ 275ರಲ್ಲಿ, 2024ರ ಮಳೆಗಾಲದಲ್ಲಿ, ಪುತ್ತೂರಿನ ತೆಂಕಿಲದ ಬೈಪಾಸಿನಲ್ಲಿ ಗುಡ್ಡ ರಸ್ತೆಗಿಳಿದು ವಾಹನಗಳನ್ನು ಪೇಟೆಯೊಳಗೆ ತಿರುಗಿಸಿದ್ದು ಆ ದಾರಿಯವರಿಗೆ ನೆನಪಿರಬಹುದು. ಪೇಟೆಯ ಗದ್ದಲ ತಪ್ಪಿಸಲು ಬೈಪಾಸ್, ಬೈಪಾಸಿನ ಗುಡ್ಡ ತಪ್ಪಿಸಲು ಪೇಟೆ.

2018ರ ಆಗಸ್ಟಿನಲ್ಲಿ ಸಂಪಾಜೆ ಘಾಟಿಯ ಮೇಲಿನ ಜೋಡುಪಾಲದಲ್ಲಿ ಗುಡ್ಡ ಕುಸಿದು ಜೀವಗಳು ಹೋದವು; ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರಿಗೆ ಅರಂತೋಡು, ಕಲ್ಲುಗುಂಡಿಯವರು ಅನ್ನ ಹಾಕಿದರು. ಆ ವರ್ಷದ ಕೊಡಗಿನ ಕುಸಿತಗಳನ್ನು ನೋಡಿ ಹೋದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಳೆಯ ಜತೆ ಇನ್ನೊಬ್ಬ ಆರೋಪಿಯನ್ನೂ ಹೆಸರಿಸಿದರು: ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಇಳಿಜಾರನ್ನು ಕಡಿದದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಬರೆ ಚಾ ಅಂಗಡಿಯನ್ನೂ ನಿಂತ ಲಾರಿಗಳನ್ನೂ ಗಂಗಾವಳಿಗೆ ದೂಡಿತು. ಅಲ್ಲಿಯೂ ಕಡಿದ ಇಳಿಜಾರಿನ ಮಾತೇ ಬಂತು. ಈ ಎರಡು ಊರುಗಳ ಬಗ್ಗೆ ತಮಾಷೆ ಮಾಡುವುದು ನನ್ನಿಂದಾಗುವುದಿಲ್ಲ.

ತಮಾಷೆ ಏನಿದ್ದರೂ ಆಮೇಲಿನದ್ದು. ಅದೇ ಜುಲೈ 31ಕ್ಕೆ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸುವ ಕಸ್ತೂರಿರಂಗನ್ ವರದಿಯ ಆರನೇ ಕರಡು ಅಧಿಸೂಚನೆ ಬಂತು. ಸುಳ್ಯ, ಕಡಬದ ಕಡೆಯ ಹಳ್ಳಿಗಳ ಹೆಸರೂ ಪಟ್ಟಿಯಲ್ಲಿದ್ದವು. ಮೂರು ಪಕ್ಷದವರು ಒಂದೇ ವೇದಿಕೆಗೆ ಬರುವುದು ನಮ್ಮಲ್ಲಿ ಎರಡೇ ಸಂದರ್ಭಕ್ಕೆ, ಒಂದು ಬ್ರಹ್ಮಕಲಶ, ಇನ್ನೊಂದು ಕಸ್ತೂರಿರಂಗನ್ ವಿರೋಧ. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕರಡನ್ನು ತಿರಸ್ಕರಿಸಿತು, ಪಟಾಕಿ ಒಂದು ಬಾಕಿ. ವರದಿಗೆ ಹೆದರಿದ ಕೃಷಿಕನ ಹೆದರಿಕೆಯನ್ನು ಹಗುರವಾಗಿ ಕಾಣುವವನು ನಾನಲ್ಲ; ಅರಣ್ಯ ಇಲಾಖೆಯ ಜತೆ ಗಡಿಗಲ್ಲು ಹಂಚಿಕೊಂಡವನಿಗೆ ಅದರ ಬಿಸಿ ಗೊತ್ತು. ಆದರೆ ಆ ವರದಿ ಬೇಡವೆಂದು ಕೂಗಿದ ಒಬ್ಬರಾದರೂ, ಸರಿ, ನಮ್ಮ ಗುಡ್ಡೆಯನ್ನು ಎಷ್ಟು ನೆಟ್ಟಗೆ ಕಡಿಯಬಹುದು ಎಂದು ನಾವೇ ಒಂದು ಗೆರೆ ಎಳೆಯುವ ಎಂದದ್ದನ್ನು ನಾನು ಕೇಳಿಲ್ಲ. ದಿಲ್ಲಿಯ ಗೆರೆ ಬೇಡ, ಬೆಂಗಳೂರಿನದ್ದೂ ಬೇಡ, ಪಂಚಾಯತಿನದ್ದು ಕೇಳುವುದೇ ಬೇಡ.

ವಿದ್ಯೆ ದೂರದಲ್ಲಿಲ್ಲ. ಪುತ್ತೂರಿನಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಉಂಟು. ಇಳಿಜಾರಿನ ಗೇರು ತೋಟದಲ್ಲಿ ಮಣ್ಣು ನಿಲ್ಲಿಸುವುದು ಹೇಗೆಂದು ಅಲ್ಲಿನವರು ಪ್ರಯೋಗ ಮಾಡಿ ತೋರಿಸಿದ್ದಾರೆ: ಗಿಡದ ಸುತ್ತ ಅರ್ಧಚಂದ್ರಾಕಾರದ ಬದು, ಕಣಿಯಲ್ಲಿ ತೆಂಗಿನ ಸಿಪ್ಪೆ. ಗೇರು ಮರಕ್ಕೆ ಇಷ್ಟು ಉಪಚಾರ. ಅದೇ ಗುಡ್ಡೆಯಿಂದ ಗೇರು ಮರ ಕಿತ್ತು ಮನೆ ಕಟ್ಟಿದರೆ ಸಿಪ್ಪೆಯೂ ಇಲ್ಲ, ಬದುವೂ ಇಲ್ಲ. ಗೇರು ಬೀಜಕ್ಕೆ ರೇಟು ಉಂಟು, ಸ್ವಾಮಿ.

ಇನ್ನು ಮಳೆ ಬಂದ ಕೂಡಲೇ ಹೋಗಿ ನೋಡುವ ಇನ್‌ಸ್ಪೆಕ್ಟರ್ ನಮ್ಮಲ್ಲಿ ಇಲ್ಲವೇ ಇಲ್ಲ ಎಂದುಕೊಂಡಿದ್ದೆ. ಇದ್ದಾನೆ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯ ಹಳಿಯಲ್ಲಿ 57 ಸುರಂಗ. ಅಲ್ಲಿ ಮಳೆಗಾಲದ ರಾತ್ರಿ ರೈಲ್ವೆಯ ಗಸ್ತಿನವರು ಟಾರ್ಚು ಹಿಡಿದು ಬರೆಯ ಬದಿಯಲ್ಲಿ ನಡೆಯುತ್ತಾರೆ. ಕಲ್ಲು ಅಲುಗಿದೆಯೋ, ಹಳಿಯಡಿಯ ಮಣ್ಣು ಹೋಗಿದೆಯೋ, ನೀರು ಹೊಸ ಜಾಗದಲ್ಲಿ ಒಸರುತ್ತಿದೆಯೋ ನೋಡುತ್ತಾರೆ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡ ಜಾರಿದಾಗ ರೈಲು ನಿಂತಿತು, ದಿನಗಟ್ಟಲೆ ಕೆಲಸ ನಡೆದು ಮತ್ತೆ ಓಡಿತು. ರೈಲ್ವೆಯವರು ಹೀಗೇಕೆ ಮಾಡುತ್ತಾರೆ? ಬರೆ ಅವರದ್ದು, ಕೆಳಗೆ ಹೋಗುವ ರೈಲೂ ಅವರದ್ದು. ಮಿಕ್ಕವರ ಬರೆ ಒಬ್ಬರದ್ದು, ಕೆಳಗಿನ ತೋಟ ಇನ್ನೊಬ್ಬರದ್ದು.

ಕೊನೆಗೆ ಮಹಜರು. ಮಾಷ್ಟ್ರ ಬರೆ ಆಟಿಯಲ್ಲಿ ಬಂದು ಹಿಂದಿನ ಗೋಡೆಗೆ ಒರಗಿತು. ಯಾರಿಗೂ ಏನೂ ಆಗಲಿಲ್ಲ, ಅಡಿಗೆಕೋಣೆಯ ಕಿಟಕಿಯಿಂದ ಒಳಬಂದ ಮಣ್ಣು ಕುಕ್ಕರಿನವರೆಗೆ ಬಂದು ನಿಂತಿತು. ಗ್ರಾಮಕರಣಿಕರು ಕೊಡೆಯಡಿಯಲ್ಲಿ ಕಾಗದ ಹಿಡಿದು ಬಂದರು. ಜನಪ್ರತಿನಿಧಿಗಳು ಫೋಟೋಕ್ಕೆ ಒದಗುವಷ್ಟು ಹೊತ್ತು ಕೆಸರಿನಲ್ಲಿ ನಿಂತರು.

"ಕಾರಣ ಎಂತ ಬರೀಲಿ?"

"ಮಳೆ," ಎಂದರು ಮಾಷ್ಟ್ರು.

"ಮಳೆ," ಎಂದರು ಜನಪ್ರತಿನಿಧಿ.

ಗೌಡರ ತೋಟಕ್ಕೆ ಮಣ್ಣು ದೂಡಿದ್ದ ಭಟ್ಟರೂ ಬಾಯಿ ಬಿಡಲು ಹೊರಟವರು ಒಂದು ಗಳಿಗೆ ಯೋಚಿಸಿ, "ಈ ವರ್ಷ ಮಳೆ ಸ್ವಲ್ಪ ಜಾಸ್ತಿಯೇ," ಎಂದರು.

ಮೂರು ಸಾಕ್ಷಿಗಳ ಸಹಿ ಬಿತ್ತು. ಪರಿಹಾರದ ಅರ್ಜಿ ತಾಲೂಕು ಕಚೇರಿಗೆ ಹೋಯಿತು. ಮಣ್ಣು ತೆಗೆಯಲು ಅದೇ ಜೆಸಿಬಿ ಬಂತು, ಮಳೆಗಾಲದ ರೇಟು ಬೇರೆ. ಆಪರೇಟರ್ ಬಕೆಟ್ ಎತ್ತಿ, ತಲೆ ಹೊರಗೆ ಹಾಕಿ ಕೇಳಿದ:

"ಮಾಷ್ಟ್ರೇ, ಹೇಗೂ ಅರ್ಧ ಬಂದಾಯ್ತು. ಉಳಿದದ್ದನ್ನೂ ತೆಗೆದ್ರೆ ಎರಡು ಕಾರು ನಿಲ್ಲಿಸ್ಬಹುದು. ತೆಗಿಲಿಕ್ಕಾ?"